ಎಕ್ಕದ ಗಿಡಕ್ಕೆ ಊಜಿ ಪರದೆ

ನನ್ನ ನಾದಿನಿಯ ಮಗಳು ನಮ್ಮ ಹಿತ್ತಿಲಿನ ಎಕ್ಕದ ಗಿಡಕ್ಕೆ ತಂದು ಬಿಟ್ಟ ಹುಳದ ಮರಿಗಳಲ್ಲಿ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿಯಲು ನನಗೆ ಒಂದು ಬೆಳಗ್ಗೆ ಪೂರ್ತಿ ಬೇಕಾಯಿತು. ಅವುಗಳ ಹಿಂಬದಿಯಲ್ಲಿ ಎರಡು ಉದ್ದನೆಯ ಎಳೆಗಳು ಮೇಲೆದ್ದು ನಿಂತಿರುತ್ತವೆ. ನೋಡಿದವರು ಅದನ್ನೇ ಮೀಸೆ ಅಂದುಕೊಳ್ಳುತ್ತಾರೆ, ಮೀಸೆ ಇರುವ ಕಡೆ ಮುಖ ಅಂದುಕೊಳ್ಳುತ್ತಾರೆ. ಬೆರಳು ಹತ್ತಿರ ತಂದರೆ ಮರಿ ಹಿಂದುಹಿಂದಕ್ಕೆ ಸರಿದು, ಆಮೇಲೆ ಟಪ್ಪನೆ ಸಿಡಿದು, ನಾವು ಎಣಿಸದ ಕಡೆಗೆ ಹೋಗಿ ಬೀಳುತ್ತದೆ. ಬೆಳೆದ ಹುಳಕ್ಕೆ ಒಣ ತೊಗಟೆಯ ಬಣ್ಣದ ರೆಕ್ಕೆ. ಕಾಂಡಕ್ಕೆ ಅಂಟಿ ಕೂತರೆ ಗಿಡದ್ದೇ ಒಂದು ಗಂಟು ಅನ್ನಬೇಕು.

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕೀಟಗಳ ಮೇಲೆ ಸಂಶೋಧನೆ ಮಾಡುತ್ತಿರುವ ಹುಡುಗಿ ಅವಳು. ಹೋದ ಚಳಿಗಾಲದಲ್ಲಿ ದೀಪಾವಳಿ ಮುಗಿಸಿಕೊಂಡು ನಮ್ಮ ಮನೆಗೆ ಬಂದು ಉಳಿದಳು. ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ಬಸ್ಸು ನಮ್ಮೂರಿನ ಮುಂದೆಯೇ ಹಾದು ಹೋಗುತ್ತದೆ, ಕೆಜಿಎಫ್ ಹತ್ತಿರ. ಅವಳಿಗೆ ಬೇಕಾದ ಹುಳ ಇದ್ದದ್ದು ಚಾಂಪಿಯನ್ ರೀಫ್ಸ್ ಗಣಿಯ ಹತ್ತಿರದ ಸೈನೈಡ್ ದಿಬ್ಬದ ಬುಡದಲ್ಲಿ. ಗಣಿ ನಡೆಯುತ್ತಿದ್ದಾಗ ಕಲ್ಲು ಅರೆದು, ಸೈನೈಡ್ ಹಾಕಿ ಬಂಗಾರ ತೆಗೆದುಕೊಂಡು, ಉಳಿದ ಹಿಟ್ಟಿನಂಥ ಮಣ್ಣನ್ನು ಸುರಿದದ್ದು ಆ ದಿಬ್ಬ. ಅಲ್ಲಿ ಬೇರೆ ಏನೂ ಸರಿಯಾಗಿ ಬೆಳೆಯದಿದ್ದರೂ ಎಕ್ಕ ಬೆಳೆಯುತ್ತದೆ.

ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ಗಿಡದ ರಸ ಹೀರಿ, ಮುಟ್ಟಿದರೆ ಹಾರುವುದೆಲ್ಲ ನಮ್ಮ ಬಾಯಲ್ಲಿ ಜಿಗಿಹುಳ. ಮಾವು ಹೂ ಬಿಟ್ಟಾಗ ಔಷಧಿ ಹೊಡೆಯುವುದೂ ಅದಕ್ಕೇ. ಅವಳಿಗೆ ಮಾವಿನದು ಬೇರೆ, ಎಕ್ಕದ್ದು ಬೇರೆ. ಮಾವಿನ ಹುಳದ ಹಿಂಗಾಲಿನಲ್ಲಿ ಬಾಚಣಿಗೆಯ ಹಾಗೆ ಮುಳ್ಳಿನ ಸಾಲು. ಎಕ್ಕದ್ದರಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು. ಎಕ್ಕದ್ದರ ಮೀಸೆ, ಅಂದರೆ ನಿಜವಾದ ಮೀಸೆ, ಕಣ್ಣಿನ ಕೆಳಗಿನಿಂದ ಹೊರಡುತ್ತದೆ. ಹೀಗೆ ಬೇರೆ ಮಾಡುತ್ತ ಹೋದರೆ ಅಗಲ ಮುಖದ ಹುಳಗಳ ಒಂದು ಕುಟುಂಬ ಸಿಗುತ್ತದೆ, ಅದರೊಳಗೆ ಕೆಲವು ಕುಲಗಳು, ಒಂದೊಂದು ಕುಲದೊಳಗೆ ಕೆಲವು ಪ್ರಭೇದಗಳು. ನಮ್ಮ ಕಡೆ ಎಕ್ಕದ ಮೇಲೆ ಸಾಮಾನ್ಯವಾಗಿ ಕಾಣುವ ಹುಳದ ಕುಲಕ್ಕೆ ಯೂರಿಬ್ರಾಕಿಸ್ ಎಂದು ಹೆಸರು.

ದಿಬ್ಬದಲ್ಲಿ ಅವಳಿಗೆ ಸಿಕ್ಕಿದ್ದ ಹುಳದ ಹಣೆ, ಕಾಲು ಯೂರಿಬ್ರಾಕಿಸ್‌ನದೇ. ಆದರೆ ರೆಕ್ಕೆ ಕಿರಿದು, ಅದರ ಮೇಲೆ ಅಡ್ಡಡ್ಡ ಒಂದು ತೆಳು ಬಿಳಿ ಪಟ್ಟೆ. ಅದನ್ನು ಎಲ್ಲಿ ಸೇರಿಸಬೇಕು ಅನ್ನುವುದೇ ಪ್ರಶ್ನೆಯಾಗಿತ್ತು. ಅದೇ ಕುಲವೋ, ಪಕ್ಕದ ಕುಲವೋ, ಇನ್ನೂ ಯಾರೂ ಹೆಸರಿಡದ್ದೋ. ಅದು ತೀರ್ಮಾನವಾಗಬೇಕಾದರೆ ಗಂಡು ಹುಳ ಬೇಕು. ಗಂಡಿನ ಹೊಟ್ಟೆಯ ತುದಿಯಲ್ಲಿರುವ ಭಾಗಗಳು ಒಂದೊಂದರಲ್ಲಿ ಒಂದೊಂದು ಆಕಾರವಂತೆ. ಅವಳಿಗೆ ಸಿಕ್ಕಿದ್ದೆಲ್ಲ ಹೆಣ್ಣು. ಹೆಣ್ಣಿನ ಹಿಂಬದಿಗೆ ಅರಳೆಯ ಹಾಗೆ ಬಿಳಿ ಮೇಣ ಮೆತ್ತಿಕೊಂಡಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಅವೆಲ್ಲ ನನ್ನ ಫ್ರಿಜ್ಜಿನ ಮೇಲಿನ ಅರೆಯಲ್ಲಿ, ಬಟಾಣಿ ಪೊಟ್ಟಣದ ಪಕ್ಕ, ಮಾತ್ರೆ ಡಬ್ಬಿಗಳಲ್ಲಿ ಮಲಗಿದ್ದವು.

ಅವಳ ಗೈಡು ಶಿವರಾತ್ರಿಯವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಗಂಡು ಸಿಕ್ಕರೆ ಸರಿ, ಇಲ್ಲದಿದ್ದರೆ ಆ ಹುಳವನ್ನು ಬಿಟ್ಟು ಮಿಕ್ಕಿದ್ದನ್ನು ಬರೆದು ಕೊಡಬೇಕು. ಮಿಕ್ಕಿದ್ದೆಲ್ಲ ಬೇರೆಯವರಿಗೂ ಸಿಗುವಂಥದ್ದು. ಈ ಪಟ್ಟೆಯ ಹುಳ ಅವಳು ತಾನಾಗಿ ಕಂಡದ್ದು. ಈ ಕೆಲಸಕ್ಕೆ ಅವಳು ಇಳಿದದ್ದೇ ಅದರಿಂದ.

ನಮ್ಮತ್ತೆ, ಅಂದರೆ ಅವಳ ಅಜ್ಜಿ, ಇದನ್ನೆಲ್ಲ ಜಗುಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತ ಕೇಳುತ್ತಿದ್ದರು.

"ಅಲ್ಲ ಕಣಮ್ಮ, ಅವರೇಕಾಯ್ನಾಗೆ ಉಳ ಬಂದ್ರೆ ನಾವು ಬಿಸಾಕ್ತೀವಿ. ನೀನು ಕೂಡಿಸ್ಕೊಂಡು ಕುಲ ಗೋತ್ರ ಕೇಳ್ತೀಯಲ್ಲ."

"ಗೋತ್ರ ಬೇಡ ಅಜ್ಜಿ, ಕುಲ ಸಾಕು."

"ಏನಂತೆ ಅದ್ರ ಎಸ್ರು, ಯೂರಿ ಅಂತ ಏನೋ ಅಂದ್ಯಲ್ಲ?"

"ಯೂರಿಬ್ರಾಕಿಸ್. ಅಗಲ, ಗಿಡ್ಡ ಅಂತ ಅರ್ಥ."

"ನನ್ನಂಗೆ ಅನ್ನು," ಎಂದು ಅತ್ತೆ ಬೇಳೆಯನ್ನು ಬಟ್ಟಲಿಗೆ ಹಾಕಿದರು.

ಸಂಕ್ರಾಂತಿ ಕಳೆದ ಮೇಲೆ ನಾನೂ ಒಂದು ದಿನ ಅವಳ ಜೊತೆ ಹೋದೆ. ಹಸುವಿನ ಕೆಲಸ ಮುಗಿಸಿ, ಡೈರಿಗೆ ಹಾಲು ಹಾಕಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲುಗಾಡಿ ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆವು. ದಿಬ್ಬದ ಬುಡದಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಮುದುಕ, ಗಣಿಯಲ್ಲಿ ಕೆಲಸ ಮಾಡಿದ್ದವರು, ಈಗಲೂ ಅಲ್ಲೇ ಗಣಿಯವರು ಸಾಲಾಗಿ ಕಟ್ಟಿಸಿದ್ದ ಲೈನು ಮನೆಯಲ್ಲಿ ಇರುವವರು, ನಮ್ಮನ್ನು ನೋಡಿ ಹತ್ತಿರ ಬಂದರು. ಹುಡುಗಿ ಅವರಿಗೆ ಮೊದಲೇ ಪರಿಚಯ.

"ಎನ್ನಮ್ಮ, ಇನ್ನಾ ಸಿಗ್ಲಿಲ್ವಾ ಪೂಚ್ಚಿ?" ಹುಳಕ್ಕೆ ಅವರ ತಮಿಳಿನಲ್ಲಿ ಪೂಚ್ಚಿ.

"ಹೆಣ್ಣು ಸಿಕ್ಕಿದೆ ತಾತ, ಗಂಡು ಸಿಕ್ಕಿಲ್ಲ."

"ಜಾಗ ಅಂಗೆ. ಕೆಲಸ ಇಲ್ಲಾಂದ್ರೆ ಗಂಡಸ್ರು ಎಲ್ಲಾ ಬೆಂಗ್ಳೂರು ಗಾಡಿ ಹತ್ತಿಬಿಡ್ತಾರೆ," ಎಂದರು ಮುದುಕ, ನಗದೆ. ಆಮೇಲೆ ನನ್ನ ಕಡೆ ತಿರುಗಿ, "ನಾನು ಈ ನೆಲದ ಕೆಳಗೆ ಅಷ್ಟು ವರ್ಷ ಉಡುಕಿದೆ. ಈ ಪಾಪು ಮೇಲೆ ಉಡುಕ್ತಾ ಇದೆ. ಮೇಲೆ ಗಾಳಿನಾದ್ರೂ ಐತೆ," ಎಂದರು.

ಬೆಳೆದ ಹುಳ ಅವತ್ತು ಒಂದೂ ಸಿಗಲಿಲ್ಲ. ಎಲೆಯ ಹಿಂದೆ ಮರಿಗಳಿದ್ದವು, ಇನ್ನೊಂದು ಪೊರೆ ಬಿಟ್ಟರೆ ರೆಕ್ಕೆ ಬರುವಷ್ಟು ದೊಡ್ಡವು. ಹುಡುಗಿ ಒಂದು ಹಂಚಿಕೆ ಮಾಡಿದಳು. ಮರಿಗಳನ್ನು ಮನೆಗೆ ಒಯ್ದು ನಮ್ಮ ಹಿತ್ತಿಲ ಎಕ್ಕದ ಮೇಲೆ ಬಿಡುವುದು, ಬೆಳೆಯುವವರೆಗೆ ಕಾಯುವುದು, ಒಂದಾದರೂ ಗಂಡಾಗಬಹುದು. ನಮ್ಮ ಗಿಡದಲ್ಲಿ ಈ ಹುಳ ಒಂದೂ ಇರಲಿಲ್ಲ. ಅದಕ್ಕೇ ಅದನ್ನು ಆರಿಸಿದಳು, ಬೆರಕೆಯಾಗದಿರಲಿ ಎಂದು.

ಮರಿ ಬಿಟ್ಟ ಕೊಂಬೆಯ ಸುತ್ತ ಪರದೆ ಕಟ್ಟಬೇಕಿತ್ತು. ನಾನು ಅಟ್ಟದಿಂದ ಹಳೆಯ ಊಜಿ ಪರದೆ ಇಳಿಸಿ ಕೊಟ್ಟೆ. ನಮ್ಮ ಮನೆಯಲ್ಲಿ ಮೊದಲು ರೇಷ್ಮೆ ಹುಳ ಸಾಕುತ್ತಿದ್ದೆವು. ಊಜಿ ಎಂದು ಒಂದು ನೊಣ. ಅದು ಒಳಗೆ ಬಂದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಗೂಡು ಹಾಳು. ಅದಕ್ಕೆ ಹುಳ ಸಾಕುವ ಕೋಣೆಯ ಬಾಗಿಲು ಕಿಟಕಿಗೆಲ್ಲ ಸಣ್ಣ ಕಣ್ಣಿನ ನೈಲಾನ್ ಪರದೆ ಹೊಡೆಯುತ್ತಿದ್ದೆವು. ಮನೆಯವರಿಗೆ ಬೆಂಗಳೂರಿನಲ್ಲಿ ಕೆಲಸವಾಗಿ ಬೆಳಗಿನ ಗಾಡಿಗೆ ಹೋಗಿಬರಲು ಶುರುಮಾಡಿದ ಮೇಲೆ ಸಾಕಣೆ ನಿಂತಿತು, ಹಸು ಬಂದವು. ಪರದೆ ಅಟ್ಟ ಸೇರಿತು. ಅದರಲ್ಲಿ ಒಂದು ತುಂಡು ಕತ್ತರಿಸಿ, ಚೀಲದ ಹಾಗೆ ಹೊಲಿದು, ಎಕ್ಕದ ದೊಡ್ಡ ಕೊಂಬೆಗೆ ತೊಡಿಸಿ ಬಾಯಿ ಕಟ್ಟಿದೆವು.

ಹುಡುಗಿ ಅತ್ತೆಗೆ ಹೇಳಿದಳು. ನಾನೂ ಅಲ್ಲೇ ಇದ್ದೆ.

"ಅಜ್ಜಿ, ಹುಳಕ್ಕೆ ಅಂತ ಪರದೆ ಕಟ್ಟಿದೀನಿ. ಗಾಳಿಗೆ ಬಿಚ್ಕೊಂಡ್ರೆ ಹೇಳಿ."

"ಕಟ್ಟು ಕಟ್ಟು. ಕಟ್ದಿದ್ರೆ ಎಂಗೆ? ನಾವೂ ಕಟ್ಟಿದ್ವಿ," ಎಂದರು ಅತ್ತೆ.

ಇಬ್ಬರಿಗೂ ಇನ್ನೊಬ್ಬರಿಗೆ ಅರ್ಥವಾಯಿತು ಅನ್ನಿಸಿತು. ಅತ್ತೆ ಜಗುಲಿಯ ಮೇಲಿದ್ದ ಪ್ಲಾಸ್ಟಿಕ್ ಡಬ್ಬಗಳನ್ನೂ ನೋಡಿದ್ದರು. ಅವುಗಳಲ್ಲಿ ಹುಡುಗಿ ಬೇರೆ ಯಾವುದೋ ಹುಳಗಳನ್ನು ಎಲೆ ಹಾಕಿ ಇಟ್ಟಿದ್ದಳು.

ದಿನಾ ಬೆಳಗ್ಗೆ ಅವಳು ಪರದೆಯ ಹೊರಗಿನಿಂದ ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. ನಾನು ಒಗೆಯುವ ಕಲ್ಲಿನಲ್ಲಿ ಬಟ್ಟೆ ಹಿಂಡುತ್ತ ಏನಾಯಿತು ಎಂದು ಕೇಳುತ್ತಿದ್ದೆ. ಏನೂ ಆಗಿರುತ್ತಿರಲಿಲ್ಲ. ಮರಿಗಳು ಎಲೆಯ ಬೆನ್ನಿಗೆ ಬಾಯಿ ಚುಚ್ಚಿ ಕೂತಿರುತ್ತಿದ್ದವು. ಎಕ್ಕದ ಎಲೆಗೂ ಹಿಟ್ಟು ಬಳಿದಂಥ ಬಿಳುಪು, ಮರಿಗಳಿಗೂ ಅದೇ ಬಿಳುಪು. ಒಂದು ಬೆಳಗ್ಗೆ ಒಂದು ಮರಿ ಬಿಟ್ಟ ಪೊರೆ ಎಲೆಗೆ ಅಂಟಿತ್ತು, ಹಿಂದಿನ ಎರಡು ಎಳೆಗಳ ಸಮೇತ. ರೆಕ್ಕೆ ಬಂದದ್ದು ಹೆಣ್ಣು. ಪಟ್ಟೆಯೇನೋ ಇತ್ತು. ಅದನ್ನೂ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಳು.

ರಥಸಪ್ತಮಿ ಬಂತು. ನಮ್ಮಲ್ಲಿ ಅವತ್ತು ಸೂರ್ಯ ಹುಟ್ಟುವ ಹೊತ್ತಿಗೆ ಎಕ್ಕದ ಎಲೆ ಇಟ್ಟುಕೊಂಡು ತಲೆಗೆ ನೀರು ಹಾಕಿಕೊಳ್ಳಬೇಕು. ನೆತ್ತಿಗೊಂದು, ಭುಜಕ್ಕೆ, ಮಂಡಿಗೆ, ಪಾದಕ್ಕೆ ಎರಡೆರಡು. ಎಲೆಯ ಮೇಲೆ ಚಿಟಿಕೆ ಅಕ್ಕಿ. ಈ ಎಲೆಯನ್ನು ಅತ್ತೆ ಸಿಕ್ಕಲ್ಲಿಂದ ಕೀಳುವವರಲ್ಲ. ರಸ್ತೆ ಪಕ್ಕದ್ದಕ್ಕೆ ಬಸ್ಸಿನ ದೂಳು, ಬೇಲಿಯದ್ದಕ್ಕೆ, ನಮ್ಮ ಹಿತ್ತಿಲಿನದ್ದಕ್ಕೆ ಕೋಳಿ ಹಿಕ್ಕೆ, ಯಾರಾದರೂ ಉಗುಳಿರುತ್ತಾರೆ ಬೇರೆ. ಪ್ರತಿ ವರ್ಷ ಅದಕ್ಕಾಗಿ ಅರ್ಧ ಊರು ತಿರುಗುತ್ತಿದ್ದರು. ಈ ವರ್ಷ ತಿರುಗಲಿಲ್ಲ. ನಾನು ಹಾಲು ಕರೆದು ಬರುವಷ್ಟರಲ್ಲಿ ಹಂಡೆಯ ನೀರು ಕಾದಿತ್ತು, ಬಚ್ಚಲಿನ ಕಟ್ಟೆಯ ಮೇಲೆ ಮೊರದ ತುಂಬ ಎಲೆ ಇತ್ತು. ಒಳ್ಳೆ ಎಲೆ. ಪಕ್ಕದ ಮನೆಗೂ ಒಂದು ಕಂತೆ ಕೊಟ್ಟು ಬಂದಿದ್ದರು.

ಹುಡುಗಿಯನ್ನು ನಿದ್ದೆಗಣ್ಣಿನಲ್ಲೇ ಎಬ್ಬಿಸಿ ಮಣೆಯ ಮೇಲೆ ಕೂರಿಸಿದರು. ತಲೆಗೆ, ಭುಜಕ್ಕೆ ಎಲೆ ಇಟ್ಟರು. ಒಂದು ಚೊಂಬು ನೀರು ಹುಯ್ದರು. ನೆತ್ತಿಯ ಎಲೆ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಹಿಂದುಮುಂದು ಮಾಡಿ ನೋಡಿದಳು. ಎಲೆಯ ಬೆನ್ನಿಗೆ ಖಾಲಿ ಪೊರೆಯೊಂದು ಅಂಟಿತ್ತು.

"ಅಜ್ಜಿ, ಇದು ಎಲ್ಲಿಯ ಎಲೆ?"

"ನಮ್ದೇ ಕಣಮ್ಮ. ನೀನು ಪರದೆ ಕಟ್ಟಿದ್ಯಲ್ಲ, ಅದ್ರೊಳಗಿಂದು. ಒಂದು ನೊಣ ಕೂತಿಲ್ಲ, ಒಂದು ಚೂರು ದೂಳಿಲ್ಲ. ನಿನ್ನ ಉಳಕ್ಕೆ ಸಾಲ್ದೇ ಓಗ್ಬಾರ್ದು ಅಂತ ಚಿಗುರು ಬಿಟ್ಟಿದೀನಿ."

ಒದ್ದೆ ಬಟ್ಟೆಯಲ್ಲೇ ಅವಳು ಹಿತ್ತಿಲಿಗೆ ಹೋದಳು. ಪರದೆಯನ್ನು ಅತ್ತೆ ನೀಟಾಗಿ ಬಿಚ್ಚಿ, ಮಡಿಸಿ, ಒಗೆಯುವ ಕಲ್ಲಿನ ಮೇಲೆ ಇಟ್ಟಿದ್ದರು. ಕೊಂಬೆಯಲ್ಲಿ ಎಲೆ ಕಿತ್ತ ಜಾಗದಲ್ಲೆಲ್ಲ ಹಾಲು ಹನಿಗಟ್ಟಿತ್ತು.

ಅತ್ತೆಯ ಲೆಕ್ಕ ನನಗೆ ಅಲ್ಲಿ ನಿಂತಾಗ ಹೊಳೆಯಿತು. ಅವರು ಹುಳ ಸಾಕಿದ್ದು ತಟ್ಟೆಯಲ್ಲಿ. ಹುಳ ಮನೆಯೊಳಗೆ, ಸೊಪ್ಪು ತೋಟದಲ್ಲಿ, ಊಜಿ ನೊಣ ಪರದೆಯ ಹೊರಗೆ. ಪರದೆ ಇರುವುದು ಕೆಟ್ಟದ್ದು ಒಳಗೆ ಬಾರದಿರಲಿ ಎಂದು. ಹಾಗಾಗಿ ಡಬ್ಬದಲ್ಲಿರುವುದು ಹುಡುಗಿಯ ಹುಳ, ಕೊಂಬೆಯಲ್ಲಿರುವುದು ಅದರ ಸೊಪ್ಪು. ಹುಳ ಹೊರಗೆ ಹೋಗದಿರಲಿ ಎಂದು ಗಿಡಕ್ಕೇ ಪರದೆ ಕಟ್ಟುವವರನ್ನು ಅವರು ಎಲ್ಲೂ ಕಂಡಿರಲಿಲ್ಲ.

"ಕೀಳುವಾಗ ಏನೂ ಕಾಣ್ಲಿಲ್ವಾ ಅತ್ತೆ?" ಎಂದು ಕೇಳಿದೆ.

"ಏನೋ ಪಟಪಟ ಅಂತ ಕೈಗೆ ಸಿಡೀತು. ಮಂಜು ಅಂದ್ಕೊಂಡೆ. ಕತ್ಲು ಇತ್ತಲ್ಲ." ತಮ್ಮ ಕೈ ನೋಡಿಕೊಂಡು, "ಅದೇನಾ?" ಎಂದರು.

ಮೊರದಲ್ಲಿ ಉಳಿದ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿದೆವು. ಬಚ್ಚಲಿನ ನೀರು ಹೊರಗೆ ಹೋಗುವ ಕಡೆ ಬಾಳೆಯ ಬುಡದಲ್ಲಿ ಕೂತು ಹುಡುಕಿದೆವು. ಎರಡು ಮರಿ ಸಿಕ್ಕವು, ಬಿಸಿನೀರಿಗೆ ಸತ್ತಿದ್ದವು. ಎಲೆ ಕೊಟ್ಟಿದ್ದ ಪಕ್ಕದ ಮನೆಯ ಬಚ್ಚಲಿನ ಹಿಂದಕ್ಕೂ ಹೋಗಿ ಹುಡುಕಿದೆವು. ಆ ಮನೆಯಾಕೆ ಆಗತಾನೆ ನೀರು ಹಾಕಿಕೊಂಡು ತಲೆಗೆ ಟವೆಲ್ ಸುತ್ತಿ ನಿಂತಿದ್ದಳು.

"ನಮ್ಮ ಬಚ್ಲಲ್ಲಿ ಏನಕ್ಕಾ ಕಳ್ಕೊಂಡ್ರಿ?"

"ಹುಳ," ಎಂದೆ.

"ಅಯ್ಯೋ, ಅಬ್ಬದ ದಿನ ಬಂಗಾರ ಕಳ್ಕೊಂಡವರಂಗೆ ಉಡುಕ್ತಿದೀರಲ್ಲ," ಎಂದು ನಕ್ಕು, ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ತಾನೂ ಸೆರಗು ಸಿಕ್ಕಿಸಿಕೊಂಡು ಮೋರಿಯ ಪಕ್ಕ ಕೂತಳು. ಅಲ್ಲಿ ಏನೂ ಇರಲಿಲ್ಲ.

ಹುಡುಗಿ ಜೋರಾಗಿ ಅಳಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಒದ್ದೆ ಕೂದಲಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಅವತ್ತಿನ ಪಾಯಸ ಸಂಜೆಯವರೆಗೆ ಪಾತ್ರೆಯಲ್ಲೇ ಇತ್ತು.

ಮಾರನೆಯ ದಿನ ಅವಳು ಮತ್ತೆ ದಿಬ್ಬಕ್ಕೆ ಹೋದಳು. ಸಂಜೆ ಬರಿಗೈಯಲ್ಲಿ ಬಂದಳು. ಒಣಹುಲ್ಲಿಗೆ ಯಾರದೋ ಬೀಡಿಯ ಕಿಡಿ ತಾಗಿ ಇಳಿಜಾರು ಪೂರ್ತಿ ಸುಟ್ಟಿತ್ತಂತೆ. ಎಕ್ಕದ ಕಾಂಡಗಳು ಕಪ್ಪಗೆ ನಿಂತಿದ್ದವಂತೆ. ಆಡಿನ ಮುದುಕ, "ಬೇರು ಸಾಯಲ್ಲಮ್ಮ, ಮಳೆಗೆ ಬರುತ್ತೆ," ಎಂದರಂತೆ. ಮಳೆ ಶಿವರಾತ್ರಿ ಕಳೆದು ಎಷ್ಟೋ ತಿಂಗಳಿಗೆ. ರಾತ್ರಿ ಊಟವಾದ ಮೇಲೆ ಅವಳು ಬ್ಯಾಗಿನಿಂದ ಬಟ್ಟೆ ತೆಗೆದು ಮತ್ತೆ ಮಡಿಸಿ ಇಡುತ್ತಿದ್ದಳು. ಸೋಮವಾರ ಹೊರಡುತ್ತೇನೆ, ಆ ಹುಳ ಬಿಟ್ಟೇ ಬರೆಯುತ್ತೇನೆ ಎಂದಳು. ನಾನು ಚಟ್ನಿಪುಡಿ ಕಟ್ಟಿಕೊಡಲಾ ಎಂದು ಕೇಳಿದೆ.

ಅತ್ತೆ ತಪ್ಪಾಯಿತು ಎನ್ನುವ ಮಾತನ್ನು ಆಡಲಿಲ್ಲ. ಆ ಮಾತು ಅವರು ಆಡುವುದನ್ನು ನಾನು ಕೇಳಿಯೂ ಇಲ್ಲ. ಆದರೆ ಅವರೆಕಾಯಿ ಬುಟ್ಟಿಯನ್ನು ಜಗುಲಿಯಿಂದ ಹಿತ್ತಿಲಿಗೆ ಒಯ್ದು, ಎಕ್ಕದ ಪಕ್ಕ ಗೋಣಿ ಹಾಸಿಕೊಂಡು ಕೂತರು. ಜಗುಲಿಯಲ್ಲಿ ಬಿಸಿಲು ಸಾಲದು ಅಂದರು. ಕೋಳಿ ಹತ್ತಿರ ಬಂದರೆ ಸಿಪ್ಪೆ ಎಸೆದು ಓಡಿಸುತ್ತಿದ್ದರು. ಊಟಕ್ಕೆ ಕರೆದರೆ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡರು. ಬೋಳು ಕೊಂಬೆಯಲ್ಲಿ ತಾವೇ ಬಿಟ್ಟ ನಾಲ್ಕು ಚಿಗುರು ಎಲೆ ಉಳಿದಿದ್ದವು. ಸಿಡಿದು ಹೋದದ್ದು ಹಸಿವಾದರೆ ಎಲ್ಲಿಗೆ ಬರುತ್ತದೆ ಎಂದು ಅವರು ಯೋಚಿಸಿದರೋ, ಅಥವಾ ಸುಮ್ಮನೆ ಕೂತರೋ, ನನಗೆ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ಹಿತ್ತಿಲಿನಿಂದ ಅವರ ದನಿ ಕೇಳಿತು. ಜೋರಾಗೇನೂ ಅಲ್ಲ.

"ಬಾರಮ್ಮ ಇಲ್ಲಿ. ನಿಧಾನಕ್ಕೆ ಬಾ."

ನಾವಿಬ್ಬರೂ ಹೋದೆವು. ಅತ್ತೆ ನೀರು ಕುಡಿಯುವ ಸ್ಟೀಲ್ ಲೋಟವನ್ನು ಎಕ್ಕದ ಕಾಂಡಕ್ಕೆ ಒತ್ತಿ ಹಿಡಿದು ಕೂತಿದ್ದರು. ಇನ್ನೊಂದು ಕೈ ಲೋಟದ ಬಾಯಿಯ ಸಂದಿಗೆ ಅಡ್ಡ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ.

"ಬಿಳೀ ಗೀಟು ಐತೆ. ಇಂದೆ ಅರಳೆ ಇಲ್ಲ," ಎಂದರು.

ಹುಡುಗಿ ಲೋಟದ ಅಂಚಿಗೆ ಪ್ಲಾಸ್ಟಿಕ್ ಡಬ್ಬಿಯ ಬಾಯಿ ಕೊಟ್ಟು ಹುಳವನ್ನು ಇಳಿಸಿಕೊಂಡಳು. ಡಬ್ಬಿಯನ್ನು ತಲೆಯ ಮೇಲಕ್ಕೆ ಎತ್ತಿ, ಬಿಸಿಲಿಗೆ ಹಿಡಿದು, ಕೆಳಗಿನಿಂದ ಭೂತಗನ್ನಡಿಯಲ್ಲಿ ನೋಡಿದಳು. ರೆಕ್ಕೆಯ ಅಡಿಯಲ್ಲಿ ಹೊಟ್ಟೆ ಕುಂಕುಮದ ಕೆಂಪು. ಬಹಳ ಹೊತ್ತು ನೋಡಿದಳು.

"ಗಂಡು," ಎಂದಳು.

"ಮತ್ತೆ ಅಳ್ಬೇಡ," ಎಂದರು ಅತ್ತೆ, ಕೈ ನೀವಿಕೊಳ್ಳುತ್ತ. ಆಮೇಲೆ, "ಈಗ ಏನ್ಮಾಡ್ತೀಯ ಇದನ್ನ?"

"ಫ್ರಿಜ್ಜಲ್ಲಿ ಇಡ್ತೀನಿ ಅಜ್ಜಿ. ಲ್ಯಾಬಿಗೆ ಹೋಗಿ ಹೊಟ್ಟೆಯ ತುದಿ ಕತ್ತರಿಸಿ, ಕ್ಷಾರದಲ್ಲಿ ಕಾಯಿಸಿ, ತಿಳಿಯಾದ ಮೇಲೆ ಮೈಕ್ರೋಸ್ಕೋಪಲ್ಲಿ ನೋಡ್ಬೇಕು."

ಅತ್ತೆ ಡಬ್ಬಿಯನ್ನು ನೋಡಿದರು. ಒಳಗೆ ಹುಳ ಗೋಡೆ ಹಿಡಿದು ಸುಮ್ಮನಿತ್ತು. "ಬಿಸಿನೀರು ತಪ್ಪಿಸ್ಕೊಂಡು ಬಂದಿತ್ತು," ಎಂದರು. ಹುಡುಗಿ ಡಬ್ಬಿಯ ಮುಚ್ಚಳ ಬಿಗಿಮಾಡಿದಳು. ಆಮೇಲೆ ಅತ್ತೆಯೇ, "ರೇಸ್ಮೆಗೂಡ್ನೂ ಕುದಿಸ್ಲೇಬೇಕು, ಇಲ್ಲಾಂದ್ರೆ ನೂಲೆಲ್ಲಿ ಬತ್ತದೆ. ಇಡು ಓಗು," ಎಂದರು. ಬಟಾಣಿಯ ಪಕ್ಕ ಇನ್ನೊಂದು ಡಬ್ಬಿ ಸೇರಿತು. ಸೋಮವಾರ ಬೆಳಗ್ಗೆ ಅವಳು ತನ್ನ ಮಾವನ, ಅಂದರೆ ನಮ್ಮ ಮನೆಯವರ, ಜೊತೆಗೇ ಗಾಡಿ ಹತ್ತಿದಳು, ಡಬ್ಬಿಗಳನ್ನು ಟಿಫನ್ ಬಾಕ್ಸಿನಲ್ಲಿ ಐಸು ಹಾಕಿ ಇಟ್ಟುಕೊಂಡು.

ಮಿಕ್ಕ ಮರಿಗಳು ಏನಾದವೋ ತಿಳಿಯಲಿಲ್ಲ. ಪರದೆಯ ತುಂಡನ್ನು ನಾನು ಒಗೆದು ಒಣಗಿಸಿ ಸಂಡಿಗೆಗೆ ಹೊದಿಸಲು ಇಟ್ಟುಕೊಂಡೆ.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ ಫೋನು ಬಂತು. ನಾನು ಹಿಟ್ಟು ಕಲಸುತ್ತಿದ್ದೆ; ಸ್ಪೀಕರ್ ಹಾಕಿ ಅತ್ತೆಯ ಪಕ್ಕ ಇಟ್ಟೆ.

"ಏನಾಯ್ತಮ್ಮ, ಯಾವ ಕುಲದ್ದಂತೆ?"

"ಹಳೇದೇ ಅಜ್ಜಿ. ಯೂರಿಬ್ರಾಕಿಸ್. ನಮ್ಮ ಕಡೆ ಎಕ್ಕದ ಮೇಲೆ ಸಾಮಾನ್ಯವಾಗಿ ಇರುತ್ತಲ್ಲ, ಅದೇ. ಪಟ್ಟೆ ಸುಮ್ನೆ ಪಟ್ಟೆ. ಒಳಗೆಲ್ಲ ಒಂದೇ."

"ಅಂಗಾದ್ರೆ ನಿನ್ನ ಕೆಲಸ?"

"ಆಯ್ತು. ಬರೆದು ಕೊಟ್ಟೆ. ಆ ಕುಲದ ಕೆಳಗೇ ಸೇರಿಸಿದೀನಿ. ದಿಬ್ಬದಲ್ಲಿರೋದಕ್ಕೆ ರೆಕ್ಕೆ ಸ್ವಲ್ಪ ಕಿರಿದು, ಪಟ್ಟೆ ಇರುತ್ತೆ ಅಂತ."

"ಒಸದು ಅಲ್ಲ ಅಂತ ಬೇಜಾರಾ?"

ಆ ಕಡೆಯಿಂದ ಬಸ್ಸಿನ ಹಾರನ್ ಕೇಳಿತು. "ಸ್ವಲ್ಪ," ಎಂದಳು.

"ನೋಡು, ನಾನೂ ಅಗಲ, ಗಿಡ್ಡ. ಉಟ್ಟಿದಾಗಿಂದ ಇಲ್ಲೇ ಇದೀನಿ. ನನ್ನ ಒಸಬಳು ಅಂತ ಯಾರೂ ಬರ್ಕೊಳ್ಳಿಲ್ಲ. ಇಲ್ಲೊಬ್ಬಳು ಇದೀನಿ ಅಂತಾನೂ ಯಾರೂ ಬರ್ದಿಲ್ಲ. ಆ ಉಳ ಐತೆ ಅಂತ ನೀನು ಬರ್ದಿದೀಯಲ್ಲ, ಬುಡು."

ಹುಡುಗಿ ನಕ್ಕಳು. ಎಕ್ಕ ಚಿಗುರಿದೆಯಾ ಎಂದು ಕೇಳಿದಳು.

"ಚಿಗುರೈತೆ. ಮೊಗ್ಗೂ ಬಂದೈತೆ. ಕಡೇ ಅವರೆ ಇದು, ಮುಗಿಯೋದ್ರೊಳಗೆ ಒಂದ್ಸಲ ಬಂದೋಗು," ಎಂದು ಅತ್ತೆ ಫೋನನ್ನು ನನ್ನ ಕಡೆ ತಳ್ಳಿ, ಹಸುವಿಗೆ ನೀರಿಡಲು ಎದ್ದು ಹೋದರು.